ಚಂಡಮಾರುತದ ಕಾಲದಲ್ಲಿ ಮನೆಯ ಬಂದೋಬಸ್ತು ಮತ್ತು ಗಾಳಿ ನಿಂತ ಮೇಲಿನ ಎಚ್ಚರಿಕೆ

“ಗಾಳಿ ಬಂದಾಗ ತೂರಿಕೋ” ಎಂಬುದು ನಮ್ಮ ಹಿರಿಯರು ಕಣದಲ್ಲಿ ನಿಂತು ಹೇಳಿದ ಮಾತು. ಆ ಗಾಳಿಯು ಹೊಟ್ಟನ್ನು ಹಾರಿಸಿ ಕಾಳನ್ನು ಉಳಿಸಿಕೊಡುವುದು. ಈ ಪತ್ರಿಕೆಯಲ್ಲಿ ವಿವರಿಸಹೊರಟಿರುವ ಗಾಳಿಯಾದರೋ ಕಾಳು ಹೊಟ್ಟುಗಳೆಂಬ ಭೇದವನ್ನು ಎಣಿಸತಕ್ಕದ್ದಲ್ಲ. ಅದು ಬೀಸುತ್ತಿರುವಾಗ ಮನುಷ್ಯನು ಮಾಡಬಹುದಾದ ಕೆಲಸವು ಬಹು ಸ್ವಲ್ಪ. ಮಾಡತಕ್ಕದ್ದೆಲ್ಲವೂ ಅದು ಬರುವುದಕ್ಕೆ ಮುಂಚೆ ಮತ್ತು ಅದು ಹೋದ ಮೇಲೆ. ಮುಂಚಿನ ಅಲಕ್ಷ್ಯ, ಆಮೇಲಿನ ಅವಸರ, ಈ ಎರಡರಿಂದ ಹೋಗುವ ಪ್ರಾಣಗಳನ್ನು ನಾವು ಉಳಿಸಿಕೊಳ್ಳಬಹುದು. ಗ್ರಾಮಗಳ ಮುಖಂಡರೂ ಜಮೀನುದಾರರೂ ಇದನ್ನು ತಾವು ಓದಿಕೊಂಡು, ಓದಲಾರದವರಿಗೆ ಓದಿ ಹೇಳಬೇಕಾಗಿ ಕೋರಲಾಗಿದೆ.

೧. ಚಂಡಮಾರುತದ ಸ್ವರೂಪ

ಬೆಚ್ಚಗಾದ ಸಮುದ್ರದ ಮೇಲೆ ವಾಯುವಿನ ಒತ್ತಡವು ಕುಗ್ಗಿದಾಗ ಸುತ್ತಣ ಗಾಳಿಯು ಅಲ್ಲಿಗೆ ನುಗ್ಗಿ ಸುಳಿಯಾಗಿ ತಿರುಗಲಾರಂಭಿಸುವುದು. ನಮ್ಮ ಭಾಗದಲ್ಲಿ ಈ ಸುಳಿಯು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವುದು. ಇದಕ್ಕೆ ‘ಸೈಕ್ಲೋನ್’ ಎಂಬ ಹೆಸರನ್ನು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್‌ಟನ್ ಎಂಬುವರು ೧೮೪೮ರಲ್ಲಿ ಬಳಕೆಗೆ ತಂದರು. ಇದೇ ಜಾತಿಯ ಗಾಳಿಗೆ ಅಟ್ಲಾಂಟಿಕ್ ಸಾಗರದ ಕಡೆಯಲ್ಲಿ ‘ಹರಿಕೇನ್’ ಎಂದು ಹೆಸರು. ಗಾಳಿಗೆ ಆರದ ಲಾಂದ್ರಕ್ಕೆ ನಮ್ಮ ಮನೆಗಳಲ್ಲಿ ಬಂದ ಹೆಸರೂ ಅದೇ.

ಗಾಳಿಯ ವೇಗವು ಗಂಟೆಗೆ ೬೨ ಕಿಲೋಮೀಟರನ್ನು ಮುಟ್ಟಿದರೆ ಭಾರತ ಹವಾಮಾನ ಇಲಾಖೆಯು ಅದನ್ನು ಚಂಡಮಾರುತವೆಂದು ಗಣಿಸಿ ಹೆಸರಿಡುವುದು. ೮೯ಕ್ಕೆ ಏರಿದರೆ ತೀವ್ರ ಚಂಡಮಾರುತ. ೧೧೮ಕ್ಕೆ ಏರಿದರೆ ಅತಿ ತೀವ್ರ. ಇಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ಗಾಳಿಯ ವೇಗ ಎರಡರಷ್ಟಾದರೆ ಗೋಡೆ, ಮಾಡುಗಳ ಮೇಲೆ ಅದರ ತಳ್ಳು ನಾಲ್ಕರಷ್ಟಾಗುವುದು, ಮೂರರಷ್ಟಾದರೆ ಒಂಬತ್ತರಷ್ಟು. ಆದಕಾರಣ “ಪ್ರತಿ ವರ್ಷದ ಗಾಳಿಗೆ ನಿಂತ ಮಾಡು ಇದಕ್ಕೂ ನಿಲ್ಲುವುದು” ಎಂಬ ಧೈರ್ಯವು ಸಲ್ಲದು.

ಸುಳಿಯ ನಡುವೆ ‘ಕಣ್ಣು’ ಎಂಬ ಶಾಂತವಾದ ಭಾಗವಿರುವುದುಂಟು. ಅದು ಊರಿನ ಮೇಲೆ ಹಾದುಹೋಗುವಾಗ ಗಾಳಿ ಫಕ್ಕನೆ ನಿಂತು ಆಕಾಶವು ತಿಳಿಯಾದಂತೆ ತೋರುವುದು. ಆಗ ಜನರು ಮುಗಿಯಿತೆಂದು ಹೊರಗೆ ಬರುವರು. ಸ್ವಲ್ಪ ಹೊತ್ತಿನಲ್ಲಿಯೇ ಗಾಳಿಯು ಎದುರು ದಿಕ್ಕಿನಿಂದ ಅಷ್ಟೇ ರಭಸವಾಗಿ ಬೀಸುವುದು. ಮೊದಲ ಪೆಟ್ಟಿಗೆ ಸಡಿಲವಾದ ಮರ, ಗೋಡೆಗಳು ಎರಡನೆಯ ಪೆಟ್ಟಿಗೆ ಉರುಳುವುವು.

೨. ಯಾವ ಕಾಲದಲ್ಲಿ, ಯಾವ ಸೀಮೆಗೆ

ನಮ್ಮ ಎರಡು ಸಮುದ್ರಗಳಲ್ಲಿಯೂ ಇದಕ್ಕೆ ವರ್ಷದಲ್ಲಿ ಎರಡು ಕಾಲಗಳುಂಟು. ಮುಂಗಾರಿಗೆ ಮೊದಲು ಏಪ್ರಿಲಿನಿಂದ ಜೂನ್ ಆರಂಭದವರೆಗೆ ಒಂದು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಂದು. ೨೦೨೧ರ ಮೇ ತಿಂಗಳಲ್ಲಿ ‘ತೌಕ್ತೆ’ ಎಂಬ ಚಂಡಮಾರುತವು ಅರಬ್ಬೀ ಸಮುದ್ರದಲ್ಲಿ ನಮ್ಮ ಕರಾವಳಿಗೆ ಸಮನಾಗಿ ಉತ್ತರಕ್ಕೆ ಸಾಗಿ ೧೭ನೆಯ ತಾರೀಖಿನ ರಾತ್ರಿ ಗುಜರಾತಿನಲ್ಲಿ ನೆಲವನ್ನು ಮುಟ್ಟಿತು. ಅದು ನಮ್ಮ ದಡವನ್ನು ಹತ್ತಲಿಲ್ಲ. ಆದಾಗ್ಯೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಮನೆಗಳು ಮುರಿದುವು, ವಿದ್ಯುತ್ ಕಂಬಗಳು ಉರುಳಿದುವು, ಕಡಲು ದಡವನ್ನು ಕೊರೆಯಿತು, ಪ್ರಾಣಹಾನಿಯೂ ಸಂಭವಿಸಿತು.

ಮೈದಾನ ಸೀಮೆಯವರು ಸಮುದ್ರವು ದೂರವೆಂದು ಈ ಪತ್ರಿಕೆಯನ್ನು ಬದಿಗಿಡಬಾರದು. ೨೦೨೪ರ ನವೆಂಬರ್ ೩೦ರ ರಾತ್ರಿ ‘ಫೆಂಗಲ್’ ಎಂಬುದು ಪುದುಚೇರಿಯ ಹತ್ತಿರ ನೆಲವನ್ನು ಹತ್ತಿತು. ಡಿಸೆಂಬರಿನ ಆರಂಭದಲ್ಲಿ ಅದರ ಮಳೆ ಬೆಂಗಳೂರು, ಕೋಲಾರದ ಕಡೆಗಳಲ್ಲಿ ಬಿದ್ದು, ಕೊಯ್ಲಿಗೆ ಬಂದಿದ್ದ ರಾಗಿಯೂ ಕೊಯ್ದು ಹಾಕಿದ್ದ ರಾಗಿಯೂ ಹೊಲದಲ್ಲಿಯೇ ನೆನೆದುವು. ಕರಾವಳಿಯವರಿಗೆ ಗಾಳಿಯ ಭಯ, ಒಳನಾಡಿನವರಿಗೆ ಮಳೆಯ ಭಯ, ಮೂಲವು ಒಂದೇ.

೩. ಒಂದು ದೃಷ್ಟಾಂತ

ಎಚ್ಚರಿಕೆಯಿಂದ ಪ್ರಯೋಜನವುಂಟೇ ಎಂದು ಕೇಳುವವರಿಗೆ ಒಡಿಶಾ ಸೀಮೆಯ ಅನುಭವವೇ ಉತ್ತರ. ೧೯೯೯ನೆಯ ಅಕ್ಟೋಬರ್ ೨೯ರಂದು ಪಾರಾದೀಪಿನ ಹತ್ತಿರ ಬಂದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನರು ಸತ್ತರು. ಗಾಳಿಗಿಂತಲೂ ಹೆಚ್ಚಾಗಿ, ಗಾಳಿಯೊಡನೆ ಉಬ್ಬಿ ಒಳನಾಡಿಗೆ ನುಗ್ಗಿದ ಸಮುದ್ರದ ನೀರು ಅವರನ್ನು ಕೊಂದಿತು. ಹದಿನಾಲ್ಕು ವರ್ಷಗಳಾದ ಮೇಲೆ, ೨೦೧೩ನೆಯ ಅಕ್ಟೋಬರ್ ೧೨ರಂದು, ಅದೇ ಸೀಮೆಯ ಗೋಪಾಲಪುರದ ಹತ್ತಿರ ‘ಫೈಲಿನ್’ ಎಂಬುದು ಬಂದಿತು. ಅದೂ ಮಹಾ ಬಲವುಳ್ಳದ್ದೇ. ಆದರೆ ಗಾಳಿಗೆ ಮುಂಚೆಯೇ ಸುಮಾರು ಹತ್ತು ಲಕ್ಷ ಜನರನ್ನು ತಗ್ಗಿನ ಹಳ್ಳಿಗಳಿಂದ ಎತ್ತರದ ಆಶ್ರಯ ಮಂದಿರಗಳಿಗೂ ಗಟ್ಟಿ ಕಟ್ಟಡಗಳಿಗೂ ಸಾಗಿಸಿದ್ದರು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಗಾಳಿಯು ಬದಲಾಗಲಿಲ್ಲ, ಜನರ ನಡತೆ ಬದಲಾಯಿತು.

೪. ಕಾಲಕ್ಕೆ ಮುಂಚೆ ಮಾಡತಕ್ಕ ಕೆಲಸಗಳು

ಬೆಂಕಿ ಬಿದ್ದಾಗ ಬಾವಿ ತೋಡಲಾಗದು. ಆದ್ದರಿಂದ ಮಾರ್ಚಿ ತಿಂಗಳಲ್ಲಿ ಒಂದು ಸಾರಿ, ಸೆಪ್ಟೆಂಬರಿನಲ್ಲಿ ಒಂದು ಸಾರಿ, ಪ್ರತಿಯೊಬ್ಬ ಯಜಮಾನನೂ ಮನೆಯ ಸುತ್ತ ನಿಧಾನವಾಗಿ ನಡೆದು ನೋಡತಕ್ಕದ್ದು.

ಮಾಡು: ಗಾಳಿಯು ಮಾಡನ್ನು ಮೇಲಿನಿಂದ ಒತ್ತುವುದಕ್ಕಿಂತ ಕೆಳಗಿನಿಂದ ಎತ್ತುವುದೇ ಹೆಚ್ಚು. ಹೆಂಚಿನ ಮನೆಯಲ್ಲಿ ಅಂಚಿನ ಸಾಲು ಮತ್ತು ನೆತ್ತಿಯ ಸಾಲಿನ ಹೆಂಚುಗಳನ್ನು ತಂತಿಯಿಂದ ರೀಪಿಗೆ ಕಟ್ಟಿಸಬೇಕು. ತಗಡಿನ ಮಾಡಾದರೆ ಕೊಕ್ಕೆ ಬೋಲ್ಟುಗಳು ತುಕ್ಕು ಹಿಡಿದಿವೆಯೇ ಎಂದು ನೋಡಬೇಕು. ತಗಡಿನ ಮೇಲೆ ಕಲ್ಲು ಹೇರುವುದು ಅಪಾಯ, ತಗಡು ಎದ್ದರೆ ಆ ಕಲ್ಲೇ ತಲೆಯ ಮೇಲೆ ಬೀಳುವುದು. ಹುಲ್ಲು, ಸೋಗೆಗಳ ಮಾಡಿಗೆ ದಪ್ಪ ಹಗ್ಗವನ್ನು ಅಡ್ಡಡ್ಡಲಾಗಿ ಹಾಯಿಸಿ ನೆಲದಲ್ಲಿ ಬಲವಾದ ಗೂಟಗಳಿಗೆ ಬಿಗಿಯಬೇಕು.

ಮರ: ಮನೆಗೂ ಕೊಟ್ಟಿಗೆಗೂ ಬಾಗಿದ ಒಣ ಕೊಂಬೆ, ಟೊಳ್ಳು ಮರಗಳನ್ನು ಮುಂಚಿತವಾಗಿ ಕಡಿಸತಕ್ಕದ್ದು. ತೆಂಗಿನ ಒಣಗರಿ, ಬಲಿತ ಕಾಯಿಗಳನ್ನು ಇಳಿಸಬೇಕು. ವಿದ್ಯುತ್ ತಂತಿಗೆ ತಗಲುವ ಕೊಂಬೆಯನ್ನು ತಾವೇ ಕಡಿಯದೆ ವಿದ್ಯುತ್ ಕಚೇರಿಗೆ ತಿಳಿಸಿ ಕಡಿಸಬೇಕು.

ಧಾನ್ಯ: ಮೂಟೆಗಳನ್ನು ನೆಲದ ಮೇಲಿಡದೆ ಎರಡಡಿ ಎತ್ತರದ ಅಟ್ಟಣೆಯ ಮೇಲೆ, ಗೋಡೆಗೆ ತಾಗದಂತೆ ಒಟ್ಟತಕ್ಕದ್ದು. ಬಿತ್ತನೆಯ ಬೀಜವನ್ನು ಎರಡು ಪಾಲು ಮಾಡಿ, ಒಂದನ್ನು ಎತ್ತರದಲ್ಲಿರುವ ಬಂಧುಗಳ ಮನೆಯಲ್ಲಿಡುವುದು ವಿವೇಕ. ಊಟದ ಕಾಳು ಹೋದರೆ ಸಾಲವಾಗಿಯಾದರೂ ದೊರಕೀತು. ಹೊಂದಿದ ಬೀಜವು ಹೋದರೆ ಒಂದು ವರ್ಷವೇ ಹೋದಂತೆ.

ಜಾನುವಾರು: ಗಳಲೆ ರೋಗ, ಚಪ್ಪೆ ರೋಗಗಳ ಲಸಿಕೆಯನ್ನು ಮಳೆಗೆ ಮುಂಚೆಯೇ ಹಾಕಿಸಿರಬೇಕು. ಒಂದು ವಾರದ ಒಣಮೇವನ್ನು ನೆನೆಯದಂತೆ ಪ್ರತ್ಯೇಕವಾಗಿಡಬೇಕು.

ಗಂಟು: ಪಹಣಿ, ಗುರುತಿನ ಚೀಟಿ, ಬ್ಯಾಂಕಿನ ಪುಸ್ತಕ, ವಿಮೆಯ ರಸೀತಿ, ಇವುಗಳನ್ನು ನೀರು ಹೋಗದ ಚೀಲದಲ್ಲಿ ಕಟ್ಟಿಡಬೇಕು. ಅದರೊಡನೆ ದಿನವೂ ತೆಗೆದುಕೊಳ್ಳುವ ಔಷಧಗಳು, ಬ್ಯಾಟರಿ ದೀಪ, ಸಣ್ಣ ರೇಡಿಯೋ, ಅವಲಕ್ಕಿ, ಬೆಲ್ಲ, ಉಪ್ಪು, ಸಕ್ಕರೆ, ಸ್ವಲ್ಪ ನಗದು ಇರಲಿ. ಇದು ಎಲ್ಲಿರುವುದೆಂದು ಮನೆಯ ಮಕ್ಕಳಿಗೂ ತಿಳಿದಿರಬೇಕು.

೫. ಮುನ್ಸೂಚನೆ ಬಂದ ಮೇಲೆ

ಹವಾಮಾನ ಇಲಾಖೆಯವರ ಕ್ರಮವು ಹೀಗಿದೆ. ಸುಮಾರು ೭೨ ಗಂಟೆಗಳ ಮುಂಚೆ ಮೊದಲ ಸುಳಿವು. ೪೮ ಗಂಟೆಗಳ ಮುಂಚೆ ಹಳದಿ ಬಣ್ಣದ ಎಚ್ಚರಿಕೆ. ೨೪ ಗಂಟೆಗಳ ಮುಂಚೆ ಕಿತ್ತಳೆ ಬಣ್ಣದ್ದು. ಸುಮಾರು ೧೨ ಗಂಟೆಗಳ ಮುಂಚೆ ಕೆಂಪು ಬಣ್ಣದ್ದು. ಮೊದಲ ಸುಳಿವಿನ ದಿನವೇ ದೋಣಿಗಳು ದಡಕ್ಕೆ ಬರಬೇಕು, ಕೊಯ್ದ ಬೆಳೆಯು ಕಣಜ ಸೇರಬೇಕು. ಹಳದಿಯ ದಿನ ಹಂಡೆ, ಕೊಡಗಳಲ್ಲಿ ಕುಡಿಯುವ ನೀರನ್ನು ತುಂಬಿ ಮುಚ್ಚಬೇಕು. ಅಂಗಳದಲ್ಲಿ ಹಾರಬಹುದಾದ ತಗಡು, ಹಲಗೆ, ನೇಗಿಲು, ನೊಗಗಳನ್ನು ಒಳಗಿಡಬೇಕು. ಕಿತ್ತಳೆಯ ದಿನ ಮುದುಕರು, ಬಸುರಿಯರು, ಬಾಣಂತಿಯರು, ಕೂಸುಗಳು, ಅಂಗವಿಕಲರು ಗಟ್ಟಿ ಕಟ್ಟಡಕ್ಕೆ ಹೋಗಿ ಸೇರಿರತಕ್ಕದ್ದು. ಕೆಂಪು ಬಂದ ಮೇಲೆ ದಾರಿಯಲ್ಲಿ ಯಾರೂ ಇರಬಾರದು.

ಊರು ಬಿಡುವ ಅಪ್ಪಣೆಯಾದಾಗ “ದನಗಳನ್ನು ಯಾರು ನೋಡುವರು?” ಎಂದು ಯಜಮಾನನು ಹಿಂದೆ ನಿಲ್ಲುವುದು ಎಲ್ಲ ಕಡೆಯೂ ಕಾಣುವ ಸಂಗತಿ. ಈ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಎರಡು ಎತ್ತುಗಳೇ ಒಂದು ಸಂಸಾರದ ಜೀವನವಾಗಿರಬಹುದು. ಇದಕ್ಕೆ ಉತ್ತರವನ್ನು ಮುಂಚೆಯೇ ಸಿದ್ಧಪಡಿಸಿರಬೇಕು. ಎತ್ತರದ ಗೋಮಾಳಕ್ಕೆ ದನಗಳನ್ನು ಮೊದಲೇ ಹೊಡೆಯುವುದು ಉತ್ತಮ. ಅದು ಸಾಗದಿದ್ದರೆ ಹಗ್ಗವನ್ನು ಬಿಚ್ಚಿ, ಕೊಟ್ಟಿಗೆಯ ಬಾಗಿಲನ್ನು ತೆರೆದು ಬಿಡತಕ್ಕದ್ದು. ಬಿಟ್ಟ ದನವು ತನ್ನ ಪ್ರಾಣವನ್ನು ತಾನು ನೋಡಿಕೊಳ್ಳಬಲ್ಲದು. ಕಟ್ಟಿದ ದನವು ನಿಂತಲ್ಲೇ ಮುಳುಗುವುದು.

೬. ಗಾಳಿ ಬೀಸುತ್ತಿರುವಾಗ

ಕಿಟಕಿ, ಬಾಗಿಲುಗಳೆಲ್ಲವನ್ನೂ ಭದ್ರವಾಗಿ ಮುಚ್ಚಿರಬೇಕು. ಒಂದು ಕಡೆ ತೆರೆದಿಟ್ಟರೆ ಗಾಳಿ ಹಾದುಹೋಗಿ ಮಾಡು ಉಳಿಯುವುದೆಂಬ ನಂಬಿಕೆಯು ತಪ್ಪು. ಒಳನುಗ್ಗಿದ ಗಾಳಿಯೇ ಮಾಡನ್ನು ಎತ್ತುವುದು. ವಿದ್ಯುತ್ತಿನ ಮುಖ್ಯ ಗುಂಡಿಯನ್ನೂ ಅಡಿಗೆ ಅನಿಲದ ಕವಾಟವನ್ನೂ ಆರಿಸಿ, ನಡುಮನೆಯಲ್ಲಿ ಕಿಟಕಿಗೆ ದೂರವಾಗಿ ಕುಳಿತಿರಬೇಕು. ಗಾಳಿ ನಿಂತಿತೆಂದು ಒಡನೆಯೇ ಹೊರಬೀಳದೆ, ಚಂಡಮಾರುತವು ದಾಟಿತೆಂದು ರೇಡಿಯೋ ಮೂಲಕವೋ ಅಧಿಕಾರಿಗಳ ಮೂಲಕವೋ ತಿಳಿಯುವವರೆಗೆ ಕಾದಿರಬೇಕು.

೭. ಗಾಳಿ ನಿಂತ ಮೇಲೆ

ಓದುಗರು ಈ ಭಾಗಕ್ಕೆ ಹೆಚ್ಚಿನ ಗಮನ ಕೊಡಬೇಕಾಗಿ ವಿಶೇಷವಾಗಿ ಕೋರುತ್ತೇವೆ. ಗಾಳಿಯಲ್ಲಿ ಎಲ್ಲರೂ ಎಚ್ಚರವಾಗಿರುವರು. ಬೆಳಗಾಗಿ ಬಿಸಿಲು ಬಿದ್ದಾಗ ಎಚ್ಚರವು ಕಳಚಿಹೋಗುವುದು. ರಾತ್ರಿಯೆಲ್ಲ ನಿದ್ದೆಯಿಲ್ಲದ ಯಜಮಾನನು ಮುರಿದ ತೋಟವನ್ನು ನೋಡಲು ಬರಿಗಾಲಿನಲ್ಲಿ ಓಡುವನು. ಆ ಓಟವೇ ಪ್ರಾಣಕ್ಕೆ ಮುಳುವಾಗಬಹುದು.

ಮೊದಲನೆಯದು ವಿದ್ಯುತ್ ತಂತಿ. ನೆಲದ ಮೇಲೆ ಬಿದ್ದ ತಂತಿಯನ್ನು ಸತ್ತ ತಂತಿಯೆಂದು ಯಾರೂ ಎಣಿಸಬಾರದು. ಒದ್ದೆ ನೆಲದಲ್ಲಿ ಅದರ ಸುತ್ತಣ ಮಣ್ಣಿನಲ್ಲಿಯೂ ವಿದ್ಯುತ್ತು ಹರಿಯುತ್ತಿರುವುದು. ತಂತಿಯನ್ನು ಮುಟ್ಟದೆಯೇ ದನವೂ ಮನುಷ್ಯನೂ ಸಾಯುವರು. ಮೂವತ್ತು ಅಡಿಗಳಿಗೂ ಹೆಚ್ಚು ದೂರ ನಿಂತು, ಇತರರನ್ನು ತಡೆದು, ೧೯೧೨ ಎಂಬ ಸಂಖ್ಯೆಗೆ ದೂರವಾಣಿ ಮಾಡತಕ್ಕದ್ದು. ಮುಳ್ಳುತಂತಿಯ ಬೇಲಿಯ ಮೇಲೆ ವಿದ್ಯುತ್ ತಂತಿ ಬಿದ್ದಿದ್ದರೆ ದೂರದ ಬೇಲಿಯೂ ಅಪಾಯವೇ. ನೆನೆದ ಪಂಪುಸೆಟ್ಟಿನ ಸ್ಟಾರ್ಟರನ್ನು ತಿಳಿದವರು ಪರೀಕ್ಷಿಸುವವರೆಗೆ ಮುಟ್ಟಬಾರದು.

ಎರಡನೆಯದು ಮಾಡು, ಮರ, ಗೋಡೆ. ನೆನೆದ ಮಣ್ಣುಗೋಡೆಯು ಗಾಳಿಯಲ್ಲಿ ಬೀಳದೆ, ಆಮೇಲೆ ಬಿಸಿಲಿನಲ್ಲಿ ಬೀಳುವುದುಂಟು. ಮನೆಯನ್ನು ಹೊರಗಿನಿಂದ ಒಂದು ಸುತ್ತು ನೋಡಿ, ಬಿರುಕು ಬಾಗುಗಳಿಲ್ಲವೆಂದು ಕಂಡ ಮೇಲೆ ಒಳಗೆ ಹೋಗಬೇಕು. ಒದ್ದೆ ಹೆಂಚಿನ ಮೇಲೆ ಒಬ್ಬನೇ ಹತ್ತಬಾರದು. ಬಿದ್ದ ಮರದ ಕೊಂಬೆಗಳು ಬಿಲ್ಲಿನಂತೆ ಬಾಗಿ ನಿಂತಿರುವುವು. ಕಡಿದೊಡನೆ ಚಿಮ್ಮಿ ಹೊಡೆಯುವುವು. ಅನುಭವಸ್ಥರಿಂದಲೇ ಕಡಿಸತಕ್ಕದ್ದು.

ಮೂರನೆಯದು ಹೊಗೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯನ್ನಾಗಲಿ, ಜನರೇಟರ್ ಯಂತ್ರವನ್ನಾಗಲಿ ಇಡಬಾರದು. ಅದರ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ನಾಲ್ಕನೆಯದು ಹಾವು. ನೀರಿನಿಂದ ಎದ್ದ ಹಾವುಗಳು ಹುಲ್ಲುಮೆದೆ, ಹೆಂಚಿನ ರಾಶಿ, ಹಾಸಿಗೆಗಳಲ್ಲಿ ಸೇರಿರುವುವು. ಕೋಲಿನಿಂದ ಬಡಿದು ನೋಡಿದ ಮೇಲೆ ಕೈ ಹಾಕಬೇಕು. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು. ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಐದನೆಯದು ನೀರು. ಹೊಲಸು ನೀರು ನುಗ್ಗಿದ ಬಾವಿಯ ನೀರನ್ನು ಕುಡಿಯಬಾರದು. ಅದನ್ನು ಹೊರಗೆ ಹಾಕುವಾಗಲೂ, ಸುತ್ತಣ ನೆಲವು ತೊಯ್ದಿರುವಷ್ಟು ದಿನ ಒಮ್ಮೆಲೇ ಬತ್ತಿಸಬಾರದು, ಕಟ್ಟೆ ಕುಸಿಯುವುದು. ಬಾವಿಯೊಳಗೆ ಯಾರನ್ನೂ ಇಳಿಸಬಾರದು. ಕೆಟ್ಟ ಗಾಳಿಗೆ ಒಬ್ಬನು ಬಿದ್ದರೆ ಅವನನ್ನೆತ್ತಲು ಇಳಿದವನೂ ಬೀಳುವನು. ಶುದ್ಧಿಯ ಲೆಕ್ಕವು ಹೀಗೆ: ಬಾವಿಯ ವ್ಯಾಸವನ್ನು ವ್ಯಾಸದಿಂದಲೂ, ಬಂದದ್ದನ್ನು ನೀರಿನ ಆಳದಿಂದಲೂ, ಮತ್ತೆ ೭೮೫ರಿಂದಲೂ ಗುಣಿಸಿದರೆ ನೀರು ಎಷ್ಟು ಲೀಟರ್ ಎಂದು ತಿಳಿಯುವುದು. ಅಳತೆಗಳು ಮೀಟರಿನಲ್ಲಿರಬೇಕು. ವ್ಯಾಸ ೩, ಆಳ ೩ ಮೀಟರಾದರೆ ಸುಮಾರು ೨೧,೦೦೦ ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯಂತೆ, ಈ ಬಾವಿಗೆ ಸುಮಾರು ೫೩ ಗ್ರಾಂ ಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ನೀರು ತುಂಬಿ, ಸುಣ್ಣವು ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು ಕಲಕಬೇಕು. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಉತ್ತಮ. ಒಂದು ಗಂಟೆಗೆ ಕಡಿಮೆಯಂತೂ ಕೂಡದು. ಕೊಳೆ ಹೆಚ್ಚಾಗಿದ್ದರೆ ಇಷ್ಟು ಸಾಲದು. ಆರೋಗ್ಯ ಸಿಬ್ಬಂದಿಯಿಂದ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೂ ನೀರನ್ನು ಕೊತಕೊತನೆ ಕುದಿಸಿಯೇ ಕುಡಿಯಬೇಕು.

ವಾಂತಿಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪನ್ನು ಕಲಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತ ವೈದ್ಯರಲ್ಲಿಗೆ ಒಯ್ಯಬೇಕು. ನಿಂತ ನೀರಿನಲ್ಲಿ ಕೆಲಸ ಮಾಡಿದವರಿಗೆ ಕೆಲವು ದಿನಗಳಲ್ಲಿ ಜ್ವರ, ಮೀನಖಂಡಗಳ ನೋವು, ಕಣ್ಣು ಕೆಂಪಾಗುವುದು ಕಂಡರೆ ಅದು ಇಲಿಜ್ವರವಿರಬಹುದು. ಕಾಲಿಗೆ ಗಾಯವಿರುವವರು ಆ ನೀರಿಗೆ ಇಳಿಯಬಾರದು.

೮. ಫಸಲು, ದನ, ಪರಿಹಾರ

ನೆನೆದ ಭತ್ತ, ರಾಗಿಗಳನ್ನು ರಾಶಿಯಾಗಿ ಬಿಟ್ಟರೆ ಒಳಗೆ ಕಾವೆದ್ದು ಮೊಳೆಯುವುವು. ತೆಳ್ಳಗೆ ಹರಡಿ ಮೇಲಿಂದ ಮೇಲೆ ತಿರುವಿ, ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಮುರಿಯುವಷ್ಟು ಒಣಗಿಸಬೇಕು. ಬೂಷ್ಟು ಹಿಡಿದ ಕಡಲೆಕಾಯಿ, ಜೋಳ, ಹಿಂಡಿಗಳನ್ನು ದನಗಳಿಗೂ ಹಾಕಬಾರದು. ಬೂಷ್ಟಿನ ವಿಷವು ಈರಲಿಗೆ ತಗಲುವುದು, ಹಾಲಿಗೂ ಇಳಿಯುವುದು. ಉಪ್ಪುನೀರು ನಿಂತ ಗದ್ದೆಯಲ್ಲಿ ಬದುಗಳನ್ನು ಕಡಿದು ನೀರನ್ನು ಹೊರಬಿಟ್ಟು, ಮಳೆಯ ಸಿಹಿನೀರನ್ನು ನಿಲ್ಲಿಸಿ ಮತ್ತೆ ಬಿಡಬೇಕು. ಮಣ್ಣಿನ ಪರೀಕ್ಷೆಯಾಗದೆ ಗೊಬ್ಬರಕ್ಕೆ ಹಣ ಸುರಿಯಬಾರದು. ಸತ್ತ ದನಗಳನ್ನು ಬಾವಿ, ಹಳ್ಳಗಳಿಗೆ ದೂರವಾಗಿ ಆರಡಿ ಆಳದಲ್ಲಿ ಸುಣ್ಣ ಹಾಕಿ ಹೂಳಬೇಕು. ಹೂಳುವ ಮುಂಚೆ ಪಶುವೈದ್ಯರಿಂದ ದಾಖಲೆ ಮಾಡಿಸಬೇಕು.

ಬೆಳೆ ವಿಮೆ ಮಾಡಿಸಿದವರು ಹಾನಿಯನ್ನು ೭೨ ಗಂಟೆಗಳೊಳಗೆ ತಿಳಿಸಬೇಕೆಂದು ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ನಿಬಂಧನೆಯಿದೆ. ಕೊಯ್ದು ಹೊಲದಲ್ಲಿ ಒಣಗಲು ಹರಡಿದ್ದ ಬೆಳೆಗೆ ಹದಿನಾಲ್ಕು ದಿನಗಳೊಳಗೆ ಚಂಡಮಾರುತದಿಂದಾದ ಹಾನಿಯೂ ಆ ಯೋಜನೆಯಲ್ಲಿ ಸೇರಿದೆ. ಆದಕಾರಣ ಬಿದ್ದದ್ದನ್ನು ಎತ್ತುವ ಮುಂಚೆ ಛಾಯಾಚಿತ್ರ ತೆಗೆದು, ಗ್ರಾಮದ ಕಂದಾಯ ಅಧಿಕಾರಿಗಳಿಗೂ ಅರ್ಜಿ ಕೊಡತಕ್ಕದ್ದು.

೯. ಮುಖಂಡರ ಕರ್ತವ್ಯ

ಮನೆಯ ಬಂದೋಬಸ್ತನ್ನು ಯಜಮಾನನು ಮಾಡಿಕೊಳ್ಳಬಲ್ಲನು. ಯಜಮಾನನಿಲ್ಲದ ಮನೆಗೆ ಮುಖಂಡನೇ ಯಜಮಾನ. ಒಂಟಿ ಮುದುಕಿ, ಹಾಸಿಗೆ ಹಿಡಿದವನು, ಹಳ್ಳದ ದಂಡೆಯ ಗುಡಿಸಲಿನ ಕೂಲಿಕಾರ, ಬೇರೆ ಸೀಮೆಯಿಂದ ಬಂದು ನಮ್ಮ ಮಾತು ತಿಳಿಯದವನು, ಇವರ ಹೆಸರುಗಳ ಪಟ್ಟಿಯೊಂದು ಪ್ರತಿ ಗ್ರಾಮದಲ್ಲಿಯೂ ಇರಬೇಕು. ಪ್ರತಿಯೊಂದು ಹೆಸರಿನ ಮುಂದೆ ಅವರನ್ನು ಕರೆತರುವ ತರುಣನ ಹೆಸರೂ ಬರೆದಿರಬೇಕು. ಆಶ್ರಯದ ಶಾಲೆಯ ಬೀಗದ ಕೈ ಯಾರಲ್ಲಿದೆಯೆಂಬುದು ರಾತ್ರಿಯ ಹೊತ್ತಿನಲ್ಲಿಯೂ ತಿಳಿದಿರಬೇಕು. ಅಲ್ಲಿ ಇಂಥವರು ಒಳಗೆ, ಇಂಥವರು ಹೊರಗೆ ಎಂಬ ಭೇದವು ಸಲ್ಲದು. ಗಾಳಿಯು ಯಾರ ಕುಲವನ್ನೂ ಕೇಳಿ ಬರುವುದಿಲ್ಲ. ಮೊದಲು ಮುಖಂಡನ ಮನೆಯವರೇ ಗಂಟನ್ನು ಹಿಡಿದು ಹೊರಟರೆ ಊರು ಹಿಂದೆಯೇ ಹೊರಡುವುದು. ನೂರು ಸಾರಿ ಡಂಗುರ ಹೊಡೆಯಿಸುವುದಕ್ಕಿಂತ ಇದು ಹೆಚ್ಚು.

೧೦. ಸಾರಾಂಶ

(ಅ) ಮಾರ್ಚಿ, ಸೆಪ್ಟೆಂಬರುಗಳಲ್ಲಿ ಮಾಡು, ಮರ, ಕಣಜಗಳನ್ನು ಪರೀಕ್ಷಿಸಿರಿ.
(ಆ) ಬೀಜವನ್ನು ಎರಡು ಕಡೆ ಇಡಿರಿ; ಕಾಗದಪತ್ರಗಳನ್ನು ಒಂದೇ ಗಂಟಿನಲ್ಲಿಡಿರಿ.
(ಇ) ಊರು ಬಿಡುವ ಅಪ್ಪಣೆಯಾದರೆ ದನಗಳನ್ನು ಬಿಚ್ಚಿ, ಜನರೊಡನೆ ಹೊರಡಿರಿ.
(ಈ) ಗಾಳಿ ನಿಂತಿತೆಂದು ಕೂಡಲೆ ಹೊರಗೆ ಬರಬೇಡಿರಿ.
(ಉ) ಬಿದ್ದ ತಂತಿಯನ್ನು ಸಮೀಪಿಸಬೇಡಿರಿ; ಬಾವಿಗೆ ಇಳಿಯಬೇಡಿರಿ.
(ಊ) ನೀರನ್ನು ಕುದಿಸಿ ಕುಡಿಯಿರಿ.
(ಋ) ಹಾನಿಯನ್ನು ೭೨ ಗಂಟೆಗಳೊಳಗೆ ತಿಳಿಸಿರಿ.

ತೋಟವು ಮುರಿದರೆ ಏಳೆಂಟು ವರ್ಷಗಳಲ್ಲಿ ಮತ್ತೆ ಎಬ್ಬಿಸಬಹುದು. ಮಾಡು ಹಾರಿದರೆ ಒಂದು ಬೇಸಗೆಯಲ್ಲಿ ಹೊದಿಸಬಹುದು. ಮುರಿದ ತೋಟವನ್ನು ನೋಡಲು ಓಡಿದವನು ತಂತಿಯನ್ನು ತುಳಿದರೆ, ಆ ತೋಟವನ್ನು ಎಬ್ಬಿಸುವ ಕೈಗಳೇ ಇಲ್ಲವಾಗುವುವು. ಆದ್ದರಿಂದ ಗಾಳಿ ನಿಂತ ಬೆಳಿಗ್ಗೆ ಮೊದಲು ಮನೆಯವರ ತಲೆಗಳನ್ನು ಎಣಿಸಿರಿ. ಮರಗಳನ್ನು ಆಮೇಲೆ ಎಣಿಸಬಹುದು.